ಮೈಸೂರಿನಲ್ಲಿ ಎರಡು ರಾತ್ರಿ: 1,400ರ ಲಾಡ್ಜೋ, 7,900ರ ಹೋಟೆಲೋ?

ಪ್ರಶ್ನೆ: ಹುಬ್ಬಳ್ಳಿಯಿಂದ ಮೈಸೂರಿಗೆ ಹೊರಟಿದ್ದೇವೆ. ನಾನು, ಯಜಮಾನರು, ಅತ್ತೆಯವರು (68 ವರ್ಷ, ಮಂಡಿನೋವಿದೆ), 11 ಮತ್ತು 5 ವರ್ಷದ ಮಕ್ಕಳು. ಶನಿವಾರ ಬೆಳಗಿನ ಜಾವ 5.30ಕ್ಕೆ ಬಸ್ಸು ಮುಟ್ಟುತ್ತದೆ, ಸೋಮವಾರ ರಾತ್ರಿ 9.30ಕ್ಕೆ ವಾಪಸ್ ಬಸ್ಸು. ಬಸ್ ನಿಲ್ದಾಣದ ಹತ್ತಿರದ ಲಾಡ್ಜಿನವರು ಡಬಲ್ ರೂಮಿಗೆ ₹1,400 ಹೇಳಿದ್ದಾರೆ, ಎರಡು ರೂಮು ತೆಗೆದುಕೊಳ್ಳಿ ಎಂದಿದ್ದಾರೆ. ಆ್ಯಪ್‌ನಲ್ಲಿ ಒಂದು ದೊಡ್ಡ ಹೋಟೆಲ್ ₹7,900ಕ್ಕೆ ಕಾಣಿಸುತ್ತಿದೆ. ತಿಂಡಿ ಸೇರಿದೆ, ಈಜುಕೊಳವೂ ಇದೆ. ವರ್ಷಕ್ಕೊಮ್ಮೆ ಹೋಗುವುದು, ರಾತ್ರಿಗೆ ಐದು ಸಾವಿರ ಹೆಚ್ಚಾದರೆ ಆಗಲಿ ಎನ್ನುತ್ತಾರೆ ಯಜಮಾನರು. ಯಾವುದು ಸರಿ?

ಉತ್ತರ: ನಿಮ್ಮ ಯಜಮಾನರು ರಾತ್ರಿಗೆ ಐದು ಸಾವಿರದಂತೆ ಎರಡು ರಾತ್ರಿಗೆ ಹತ್ತು ಸಾವಿರ ಹೆಚ್ಚಾಗುತ್ತದೆ ಎಂದುಕೊಂಡಿದ್ದಾರೆ. ನಿಜಕ್ಕೂ ಹೆಚ್ಚಾಗುವುದು ಮೂವತ್ತು ಸಾವಿರದ ಹತ್ತಿರ. ಲಾಡ್ಜಿನವರು ಐದು ಜನರನ್ನು ಎಣಿಸಿ ದರ ಹೇಳಿದ್ದಾರೆ, ಆ್ಯಪ್ ಎಣಿಸಿಲ್ಲ. ಆ್ಯಪ್ ತೆರೆದ ಕೂಡಲೇ ಕಾಣುವ ದರ ಇಬ್ಬರು ದೊಡ್ಡವರಿಗೆ, ಒಂದು ರೂಮಿಗೆ, ಬಹಳ ಸಲ ತೆರಿಗೆ ಬಿಟ್ಟು. ಅತಿಥಿಗಳ ಸಂಖ್ಯೆಯನ್ನು ಮೂವರು ದೊಡ್ಡವರು, ಇಬ್ಬರು ಮಕ್ಕಳು ಎಂದು ಬದಲಿಸಿ, ಮಕ್ಕಳ ವಯಸ್ಸನ್ನೂ ತುಂಬಿ ಮತ್ತೆ ಹುಡುಕಿ. ಹೆಚ್ಚಿನ ದೊಡ್ಡ ಹೋಟೆಲುಗಳಲ್ಲಿ ಒಂದು ರೂಮಿಗೆ ಎಕ್ಸ್‌ಟ್ರಾ ಬೆಡ್ ಹಾಕಿಸಿಕೊಂಡು ಮೂವರು ದೊಡ್ಡವರು, ಇಲ್ಲವೇ ಇಬ್ಬರು ದೊಡ್ಡವರು ಮತ್ತು ಇಬ್ಬರು ಮಕ್ಕಳು, ಅಷ್ಟೇ ಮಿತಿ. ನೀವು ಐವರು ಒಂದು ರೂಮಿನಲ್ಲಿ ಹಿಡಿಸುವುದಿಲ್ಲ. ಐದು ವರ್ಷದ ಮಗುವನ್ನು ಬೇರೆ ಹಾಸಿಗೆ ಕೇಳದಿದ್ದರೆ ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹನ್ನೊಂದರ ಮಗುವಿಗೆ ಎಕ್ಸ್‌ಟ್ರಾ ಬೆಡ್ ಅಥವಾ ಕಡೇ ಪಕ್ಷ ತಿಂಡಿಯ ಹಣ ಬೀಳುತ್ತದೆ. ಒಟ್ಟಿನಲ್ಲಿ ಅಲ್ಲಿಯೂ ಎರಡು ರೂಮು ಎಂದೇ ಇಟ್ಟುಕೊಳ್ಳಿ.

ಈಗ ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ ₹7,500ರವರೆಗಿನ ರೂಮಿಗೆ ಜಿ.ಎಸ್.ಟಿ. 5%, ಅದನ್ನು ದಾಟಿದರೆ 18%. ಮೇಲಿನ ನಾನೂರು ರೂಪಾಯಿಗಷ್ಟೇ 18% ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ, ಇಡೀ ಮೊತ್ತಕ್ಕೆ. ₹7,900ರ ರೂಮು ₹9,322 ಆಗುತ್ತದೆ. ಅದೇ ಹೋಟೆಲು ₹7,400ಕ್ಕೆ ಕೊಟ್ಟರೆ ₹7,770. ದರದಲ್ಲಿ ಐನೂರು ಇಳಿದರೆ ಬಿಲ್ಲಿನಲ್ಲಿ ₹1,552 ಇಳಿಯುತ್ತದೆ. ತೆರಿಗೆಯ ಸ್ಲ್ಯಾಬ್ (5% ಅಥವಾ 18%) ನೋಡುವುದು ನೀವು ನಿಜವಾಗಿ ಕೊಡುವ ದರಕ್ಕೆ, ಬಾಗಿಲ ಹಿಂದೆ ಅಂಟಿಸಿದ ಪಟ್ಟಿಯ ದರಕ್ಕಲ್ಲ. ಹಾಗಾಗಿ ದರ 7,500ರ ಆಸುಪಾಸಿನಲ್ಲಿದ್ದಾಗ ಹೋಟೆಲಿಗೇ ಫೋನ್ ಮಾಡಿ ‘ತಿಂಡಿ ಬಿಟ್ಟು ರೂಮಿಗಷ್ಟೇ ಎಷ್ಟು?’ ಎಂದು ಕೇಳಬೇಕು. ಬುಕಿಂಗ್ ಭಾಷೆಯಲ್ಲಿ ಇದು ಇ.ಪಿ.; ತಿಂಡಿ ಸೇರಿದರೆ ಸಿ.ಪಿ.; ತಿಂಡಿಯ ಜೊತೆ ಒಂದು ಊಟ ಸೇರಿದರೆ ಎಂ.ಎ.ಪಿ.; ಮೂರೂ ಹೊತ್ತಿನದಾದರೆ ಎ.ಪಿ. ತಿಂಡಿ ಕಳೆದು ದರ 7,500ರೊಳಗೆ ಬಂದರೆ ತಿಂಡಿಯ ಖರ್ಚಿಗಿಂತ ಉಳಿದ ತೆರಿಗೆಯೇ ದೊಡ್ಡದು.

₹9,322ರಂತೆ ಎರಡು ರೂಮಿಗೆ ಎರಡು ರಾತ್ರಿ ಎಂದರೆ ₹37,288. ಲಾಡ್ಜಿನಲ್ಲಿ ಎರಡು ರೂಮು, ಎರಡು ದಿನಕ್ಕೆ 5% ಸೇರಿಸಿ ₹5,880. ವರ್ಷದ ವಹಿವಾಟು 20 ಲಕ್ಷದೊಳಗಿರುವ ಸಣ್ಣ ಲಾಡ್ಜಿಗೆ ಜಿ.ಎಸ್.ಟಿ. ನೋಂದಣಿಯೇ ಬೇಕಿಲ್ಲ, ಅವರು ಆ 5% ಕೇಳುವ ಹಾಗೂ ಇಲ್ಲ. ಬಿಲ್ಲಿನಲ್ಲಿ 15 ಅಕ್ಷರದ ಜಿ.ಎಸ್.ಟಿ. ಸಂಖ್ಯೆ ಇಲ್ಲದೆ ತೆರಿಗೆ ಹಾಕಿದ್ದರೆ ಪ್ರಶ್ನಿಸಿ.

ಇಷ್ಟಾದರೂ ನಿಮ್ಮ ಪ್ರವಾಸದಲ್ಲಿ ದರಕ್ಕಿಂತ ಮುಖ್ಯವಾದದ್ದು ಬೆಳಗಿನ 5.30. ದೊಡ್ಡ ಹೋಟೆಲುಗಳಲ್ಲಿ ಚೆಕ್-ಇನ್ ಮಧ್ಯಾಹ್ನ 2ಕ್ಕೆ, ಚೆಕ್-ಔಟ್ 11 ಅಥವಾ 12ಕ್ಕೆ. ಎರಡು ರಾತ್ರಿಯ ಹಣ ಕೊಟ್ಟು ನಿಮಗೆ ಸಿಗುವುದು ಹೆಚ್ಚೆಂದರೆ 46 ಗಂಟೆ. ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಬಂದ ಅತ್ತೆಯವರನ್ನೂ ಮಕ್ಕಳನ್ನೂ ಎಂಟೂವರೆ ಗಂಟೆ ಲಾಬಿಯಲ್ಲಿ ಕೂರಿಸಲಾಗದು. ‘ಅರ್ಲಿ ಚೆಕ್-ಇನ್ ಸಿಗುತ್ತದೆ’ ಎಂದು ಆ್ಯಪ್‌ನಲ್ಲಿ ಬರೆದಿರುತ್ತದೆ. ಅದರ ಅರ್ಥ ರೂಮು ಖಾಲಿ ಇದ್ದರೆ, ಅದೂ ಸಾಮಾನ್ಯವಾಗಿ ಹತ್ತು ಹನ್ನೊಂದರ ಮೇಲೆ. ಬೆಳಗಿನ ಜಾವದಲ್ಲೇ ರೂಮು ಬೇಕೆಂದರೆ ಹಿಂದಿನ ರಾತ್ರಿಯ ಪೂರ್ತಿ ಬಾಡಿಗೆ ಕೇಳುತ್ತಾರೆ, ಕೆಲವರು ಅರ್ಧ.

ಮೈಸೂರಿನ ಹಳೆಯ ಲಾಡ್ಜುಗಳ ದೊಡ್ಡ ಅನುಕೂಲ 24 ಗಂಟೆ ಪದ್ಧತಿ. ನೀವು ಯಾವಾಗ ರೂಮಿಗೆ ಹೋದಿರೋ ಅಲ್ಲಿಂದ 24 ಗಂಟೆ ಒಂದು ದಿನ. ಎಲ್ಲ ಲಾಡ್ಜುಗಳಲ್ಲೂ ಇದು ಉಳಿದಿಲ್ಲ. ಇನ್ನೊಂದು ತೊಡಕೂ ಇದೆ: ಕೌಂಟರಿನಲ್ಲಿ 24 ಗಂಟೆ ಕೊಡುವ ಲಾಡ್ಜೇ ಆ್ಯಪ್ ಮೂಲಕ ಬಂದವರಿಗೆ ಮಧ್ಯಾಹ್ನ 12ರಿಂದ ಮರುದಿನ 11ರವರೆಗೆ ಒಂದು ದಿನ ಎನ್ನುವುದುಂಟು, ಏಕೆಂದರೆ ಆ್ಯಪ್‌ನ ವ್ಯವಸ್ಥೆ ದಿನಾಂಕ ನೋಡುತ್ತದೆ, ಗಂಟೆ ನೋಡುವುದಿಲ್ಲ. ನಿಮ್ಮಂಥ ಬರುವಿಕೆಗೆ ಆ್ಯಪ್‌ನಲ್ಲಿ ಸಿಗುವ ನೂರಿನ್ನೂರರ ರಿಯಾಯಿತಿ ದುಬಾರಿ ಬೀಳುತ್ತದೆ. ಲಾಡ್ಜಿಗೆ ನೇರ ಫೋನ್ ಮಾಡಿ, ‘ಶನಿವಾರ ಬೆಳಗ್ಗೆ 5.30ಕ್ಕೆ ಬರುತ್ತೇವೆ, 24 ಗಂಟೆ ಲೆಕ್ಕವೇ?’ ಎಂದು ಕೇಳಿ, ಉತ್ತರವನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಅವಧಿ ಮುಗಿದ ಮೇಲೆ ಎಷ್ಟು ಹೊತ್ತು ಬಿಡುತ್ತಾರೆ ಎಂಬುದನ್ನೂ ಕೇಳಿ. ಒಂದು ಗಂಟೆ ದಾಟಿದರೆ ಅರ್ಧ ದಿನದ್ದೋ ಇಡೀ ದಿನದ್ದೋ ಬಾಡಿಗೆ ಹಾಕುವವರಿದ್ದಾರೆ.

24 ಗಂಟೆ ಲೆಕ್ಕದಲ್ಲಿ ನಿಮ್ಮ ಎರಡು ದಿನ ಸೋಮವಾರ ಬೆಳಗ್ಗೆ 5.30ಕ್ಕೆ ಮುಗಿಯುತ್ತದೆ, ಬಸ್ಸು ಇರುವುದು ರಾತ್ರಿ. ಇಲ್ಲಿ ಎರಡೂ ರೂಮು ಮುಂದುವರಿಸಬೇಡಿ. ಬೆಳಗ್ಗೆ ಒಂದು ರೂಮು ಬಿಟ್ಟು, ಇನ್ನೊಂದನ್ನು ಮೂರನೇ ದಿನಕ್ಕೆ ಇಟ್ಟುಕೊಳ್ಳಿ. ₹1,470 ಹೆಚ್ಚಿಗೆ, ಒಟ್ಟು ₹7,350. ಲಗೇಜು ಅಲ್ಲೇ ಇರುತ್ತದೆ, ಮಧ್ಯಾಹ್ನ ಅತ್ತೆಯವರು ಕಾಲು ಚಾಚಿ ಮಲಗಬಹುದು, ಬಸ್ಸಿಗೆ ಮುಂಚೆ ಎಲ್ಲರೂ ಸ್ನಾನ ಮಾಡಿ ಹೊರಡಬಹುದು. ಒಂದೇ ಆತಂಕ, 5.30ಕ್ಕೆ ಎದ್ದು ಒಂದು ರೂಮು ಖಾಲಿ ಮಾಡಬೇಕು. ಸಾಮಾನನ್ನು ಹಿಂದಿನ ರಾತ್ರಿಯೇ ಒಂದು ಕಡೆ ಸೇರಿಸಿಬಿಟ್ಟರೆ ಅದು ಹತ್ತು ನಿಮಿಷದ ಕೆಲಸ.

ಜಾಗದ ವಿಷಯಕ್ಕೂ ಐದು ಜನರ ಲೆಕ್ಕವೇ ಬೇಕು. ಗಾಂಧಿ ಚೌಕ, ಶ್ರೀಹರ್ಷ ರಸ್ತೆ, ಧನ್ವಂತರಿ ರಸ್ತೆ, ಸಬರ್ಬನ್ ಬಸ್ ನಿಲ್ದಾಣದ ಸುತ್ತಮುತ್ತ ಇರುವ ಲಾಡ್ಜುಗಳು ಅರಮನೆ, ದೇವರಾಜ ಮಾರುಕಟ್ಟೆ, ಸಿಟಿ ಬಸ್ ನಿಲ್ದಾಣಗಳಿಗೆ ನಡಿಗೆಯ ದೂರದಲ್ಲಿವೆ. ಹೊಸ ದೊಡ್ಡ ಹೋಟೆಲುಗಳಲ್ಲಿ ಕೆಲವು ಊರಿನ ಅಂಚಿನಲ್ಲಿ, ರಿಂಗ್ ರಸ್ತೆಯ ಕಡೆ ಇವೆ. ಆಟೋ ಮೂವರಿಗೆ, ನಿಮಗೆ ಪ್ರತಿ ಸಲ ಎರಡು ಬೇಕು. ಒಂದಕ್ಕೆ ನೂರು ರೂಪಾಯಿ ಹಿಡಿದರೂ ದಿನಕ್ಕೆ ನಾಲ್ಕು ಓಡಾಟಕ್ಕೆ ಎಂಟುನೂರು. ಲಾಡ್ಜಿನಿಂದ ಸಿಟಿ ಬಸ್ ನಿಲ್ದಾಣಕ್ಕೆ ನಡೆದು ಚಾಮುಂಡಿ ಬೆಟ್ಟದ ಸಾಮಾನ್ಯ ಬಸ್ಸು ಹತ್ತಿದರೆ ಶಕ್ತಿ ಯೋಜನೆಯಲ್ಲಿ ನಿಮಗೂ ಅತ್ತೆಯವರಿಗೂ ಟಿಕೆಟ್ಟೇ ಇಲ್ಲ. ಆಧಾರ್ ಮಾತ್ರ ಕೈಯಲ್ಲಿರಲಿ. ಎ.ಸಿ. ಬಸ್ಸಿಗೆ ಇದು ಅನ್ವಯಿಸುವುದಿಲ್ಲ.

ಇನ್ನು ಅಗ್ಗದ ಲಾಡ್ಜಿನಲ್ಲಿ ಏನು ಕೆಡುತ್ತದೆ ಎಂಬುದು. ಇದನ್ನು ತಿಳಿದು ರೂಮು ಆರಿಸಿದರೆ ₹1,400ರ ರೂಮಿನಲ್ಲಿ ಕಷ್ಟವೇನಿಲ್ಲ. ತಿಳಿಯದಿದ್ದರೆ ಅದೇ ಲಾಡ್ಜಿನಲ್ಲಿ ಎರಡು ರಾತ್ರಿಯೂ ಹಾಳು.

ಮೊದಲು ಬಿಸಿನೀರು. ‘24 ಗಂಟೆ ಬಿಸಿನೀರು’ ಎಂಬ ಬೋರ್ಡು ನೋಡಿ ನೆಮ್ಮದಿಯಾಗಬೇಡಿ, ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿ. ಛಾವಣಿಯ ಸೋಲಾರ್ ಆಗಿದ್ದರೆ ಸಾಮಾನ್ಯವಾಗಿ ಬೆಳಗ್ಗೆ ಎರಡು ಮೂರು ಗಂಟೆ ಮಾತ್ರ ಬಿಡುತ್ತಾರೆ. ಹಿಂದಿನ ದಿನ ಮೋಡ ಕವಿದಿದ್ದರೆ ಅದೂ ಉಗುರುಬೆಚ್ಚಗೆ. ಕೆಳಮಹಡಿಯ ರೂಮುಗಳಿಗೆ ಕೊಳವೆ ಉದ್ದ, ಹಾಗಾಗಿ ಮೊದಲ ಒಂದು ಬಕೆಟ್ ತಣ್ಣೀರೇ ಬರುತ್ತದೆ. ಅದನ್ನು ಕಂಡು ‘ಬಿಸಿನೀರಿಲ್ಲ’ ಎಂದು ನಲ್ಲಿ ಮುಚ್ಚಿಬಿಡುವವರೇ ಹೆಚ್ಚು. ಪ್ರತಿ ರೂಮಿಗೆ ಗೀಸರ್ ಇದ್ದರೆ ಅದರ ಅಳತೆ ನೋಡಿ. 15 ಲೀಟರಿನ ಗೀಸರ್ ಒಮ್ಮೆ ಪೂರ್ತಿ ಕಾದರೆ, ತಣ್ಣೀರು ಬೆರೆಸಿ, ಸ್ನಾನಕ್ಕೆ ಹದವಾದ ಸುಮಾರು 33 ಲೀಟರ್ ಸಿಗುತ್ತದೆ. ಎಂದರೆ ಎರಡು ಬಕೆಟ್. ಮತ್ತೆ ಕಾಯಲು 2 ಕಿಲೋವ್ಯಾಟಿನ ಕಾಯಿಲಿಗೆ ಇಪ್ಪತ್ತು ನಿಮಿಷ ಬೇಕು. ಮೂರು ಲೀಟರಿನ ಇನ್‌ಸ್ಟಂಟ್ ಗೀಸರ್ ಆದರೆ ನಿಮಿಷಕ್ಕೆ ಎರಡೂವರೆ ಲೀಟರಿನ ಹಾಗೆ ಸಣ್ಣಗೆ ಬಿಟ್ಟುಕೊಳ್ಳಬೇಕು, ಬಕೆಟ್ ತುಂಬಲು ಆರು ನಿಮಿಷ. ಜೋರಾಗಿ ಬಿಟ್ಟರೆ ತಣ್ಣಗೇ ಬರುತ್ತದೆ, ಗೀಸರ್ ಕೆಟ್ಟಿದೆ ಎಂದು ಜಗಳವಾಗುತ್ತದೆ. ಎರಡು ಬಚ್ಚಲಲ್ಲಿ ಐದು ಸ್ನಾನ, ಏಳು ಗಂಟೆಗೆ ಹೊರಡಬೇಕೆಂದರೆ ಆರಕ್ಕೇ ಸ್ವಿಚ್ ಹಾಕಿ.

ಅತ್ತೆಯವರಿಗೆ ಬೇಕಾದದ್ದು ಲಿಫ್ಟ್ ಮತ್ತು ಕಮೋಡ್. ಹಳೆಯ ಕಟ್ಟಡಗಳಲ್ಲಿ ಲಿಫ್ಟನ್ನು ಆಮೇಲೆ ಸೇರಿಸಿರುತ್ತಾರೆ, ಅದು ಎರಡು ಮಹಡಿಗಳ ನಡುವಿನ ಮೆಟ್ಟಿಲಿನ ತಿರುವಿನಲ್ಲಿ ನಿಲ್ಲುವುದುಂಟು. ಅಲ್ಲಿಂದ ರೂಮಿಗೆ ಏಳೆಂಟು ಮೆಟ್ಟಿಲು. ಬೀದಿಯಿಂದ ಲಿಫ್ಟಿಗೆ ಹೋಗಲೂ ನಾಲ್ಕೈದು ಮೆಟ್ಟಿಲು ಹತ್ತಬೇಕಾಗಬಹುದು. ‘ಲಿಫ್ಟ್ ಇದೆಯೇ’ ಎಂದು ಕೇಳಿದರೆ ಇದೆ ಎನ್ನುತ್ತಾರೆ, ಸುಳ್ಳೇನಲ್ಲ. ‘ಬೀದಿಯಿಂದ ರೂಮಿನ ಬಾಗಿಲವರೆಗೆ ಎಷ್ಟು ಮೆಟ್ಟಿಲು?’ ಎಂದು ಕೇಳಿ. ಬಚ್ಚಲ ಹೊಸ್ತಿಲು ಎಷ್ಟು ಎತ್ತರ, ನೆಲ ಜಾರುತ್ತದೆಯೇ ಎಂಬುದನ್ನು ಹೋದ ಮೇಲೆ ಕಣ್ಣಾರೆ ನೋಡಬೇಕು. ಮಂಡಿನೋವಿನವರಿಗೆ ಇಪ್ಪತ್ತೆರಡು ಬಗೆಯ ಬಫೆಗಿಂತ ಇದು ಮುಖ್ಯ.

ಸದ್ದು ಮೂರನೆಯದು. ಬಸ್ ನಿಲ್ದಾಣದ ಕಡೆಗೆ ಮುಖವಿರುವ ರೂಮಿನಲ್ಲಿ ಬೆಳಗಿನ ನಾಲ್ಕಕ್ಕೇ ಹಾರ್ನ್ ಶುರು. ಹಿಂಬದಿಯ ರೂಮು ಕೇಳಿ. ಆದರೆ ಹಿಂಬದಿಯ ಕಿಟಕಿ ಗಾಳಿಗೂಡಿಗೆ ತೆರೆದಿದ್ದರೆ ಕೆಳಗಿನ ಅಡುಗೆಮನೆಯ ಒಗ್ಗರಣೆ ವಾಸನೆಯೂ ಪಾತ್ರೆ ತೊಳೆಯುವ ಸದ್ದೂ ನೇರ ಮೇಲಕ್ಕೆ ಬರುತ್ತವೆ. ನೆಲಮಹಡಿಯಲ್ಲಿ ಬಾರ್ ಇದೆಯೇ, ಅದೇ ಕಟ್ಟಡದಲ್ಲಿ ಪಾರ್ಟಿ ಹಾಲ್ ಇದೆಯೇ ಎಂದು ವಿಚಾರಿಸಿ. ಆ್ಯಪ್‌ನ ಫೋಟೋದಲ್ಲಿ ಇವು ಕಾಣುವುದಿಲ್ಲ, ಮ್ಯಾಪಿನ ಬೀದಿ ಚಿತ್ರದಲ್ಲಿ ಬೋರ್ಡು ಕಾಣುತ್ತದೆ. ಮೇಲಿನ ಮಹಡಿಯ ಹಿಂಬದಿ, ಆದರೆ ಕಟ್ಟಕಡೆಯ ಮಹಡಿ ಬೇಡ: ಬೇಸಿಗೆಯಲ್ಲಿ ಸಂಜೆಯವರೆಗೂ ತಾರಸಿ ಕಾದಿರುತ್ತದೆ, ಮಳೆಗಾಲದಲ್ಲಿ ಸೋರಿಕೆಯ ಮುಗ್ಗುವಾಸನೆ.

ಎ.ಸಿ.ಗೆ ಹೆಚ್ಚು ಕೊಡಬೇಕೇ? ಮೈಸೂರು ಸಮುದ್ರಮಟ್ಟದಿಂದ 750 ಮೀಟರಿಗಿಂತ ಎತ್ತರದಲ್ಲಿದೆ. ಮಾರ್ಚ್‌ನಿಂದ ಮೇವರೆಗೆ ಬಿಟ್ಟರೆ ರಾತ್ರಿ ಫ್ಯಾನು ಸಾಕು. ಕಿಟಕಿಗೆ ಸೊಳ್ಳೆಪರದೆ ಇದೆಯೇ ನೋಡಿ. ಇಲ್ಲದಿದ್ದರೆ ಕಿಟಕಿ ಮುಚ್ಚಿ ಬೆವರಬೇಕು, ಆಗ ಎ.ಸಿ. ರೂಮೇ ಲೇಸು.

ರೂಮು ತೋರಿಸಿದ ಮೇಲೆ ಹಣ ಕೊಡಿ, ಅದಕ್ಕೆ ಮುಂಚೆ ಬೇಡ. ಒಳಗೆ ಹೋದವರು ಹಾಸಿಗೆಯ ಮೂಲೆ ಎತ್ತಿ ಹೊಲಿಗೆಯಂಚಿನಲ್ಲಿ ಕರಿಚುಕ್ಕೆಗಳಿವೆಯೇ ನೋಡಬೇಕು. ಇದ್ದರೆ ತಿಗಣೆ, ಇನ್ನೊಂದು ರೂಮು ಕೇಳುವುದಲ್ಲ, ಇನ್ನೊಂದು ಲಾಡ್ಜಿಗೆ ಹೋಗುವುದು. ಫ್ಲಶ್ ಒಮ್ಮೆ ಎಳೆಯಿರಿ, ಒಳಚಿಲಕ ಹಾಕಿ ನೋಡಿ, ಫೋನ್ ಚಾರ್ಜಿಗೆ ಹಾಕಿ ನೋಡಿ. ಆಧಾರ್ ಪ್ರತಿ ಕೇಳಿದರೆ ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ, ಮೂಲ ಕಾರ್ಡು ಕೌಂಟರಿನಲ್ಲಿ ಬಿಡಬೇಡಿ. ಬಸ್ಸಿಳಿದ ಕೂಡಲೇ ‘ಒಳ್ಳೆ ಲಾಡ್ಜ್ ಇದೆ ಬನ್ನಿ’ ಎನ್ನುವ ಆಟೋದವರ ಹಿಂದೆ ಹೋದರೆ ಅವರ ಕಮಿಷನ್ ನಿಮ್ಮ ಬಾಡಿಗೆಗೇ ಸೇರಿರುತ್ತದೆ.

ದೊಡ್ಡ ಹೋಟೆಲಿನ ಕಡೆಗೂ ನ್ಯಾಯವಾಗಿ ಎರಡು ಮಾತು. ಅಲ್ಲಿ ನೀವು ಹಣ ಕೊಡುವುದು ಮುಖ್ಯವಾಗಿ ಖಚಿತತೆಗೆ: ಯಾವ ಹೊತ್ತಿಗೂ ಬಿಸಿನೀರು, ಕರೆಂಟು ಹೋದರೆ ಕ್ಷಣದಲ್ಲಿ ಜನರೇಟರ್, ಸದ್ದು ತಡೆಯುವ ಕಿಟಕಿ, ರಾತ್ರಿ ಎರಡಕ್ಕೆ ಮಗುವಿಗೆ ಜ್ವರ ಬಂದರೆ ಫೋನೆತ್ತುವವರು. ಕೈಗೂಸು ಇರುವವರು, ಆಪರೇಷನ್ ಆಗಿ ಚೇತರಿಸಿಕೊಳ್ಳುತ್ತಿರುವವರು, ತಡರಾತ್ರಿ ಒಬ್ಬರೇ ಬಂದಿಳಿಯುವ ಹೆಣ್ಣುಮಕ್ಕಳು ಈ ಖಚಿತತೆಗೆ ಕೊಟ್ಟದ್ದು ವ್ಯರ್ಥವಲ್ಲ. ದಿನವಿಡೀ ಅರಮನೆ, ಮೃಗಾಲಯ, ಬೆಟ್ಟ ಸುತ್ತಿ ಮಲಗಲಷ್ಟೇ ರೂಮಿಗೆ ಬರುವವರಿಗೆ ಅದರ ಬಹುಪಾಲು ಬಳಕೆಗೇ ಬರುವುದಿಲ್ಲ.

ಬಿಲ್ಲು ಬೆಳೆಯುವುದೂ ಅಲ್ಲೇ. ಹಿಂದಿನ ಹಣಕಾಸು ವರ್ಷದಲ್ಲಿ ಯಾವುದೇ ರೂಮನ್ನು ₹7,500ಕ್ಕಿಂತ ಹೆಚ್ಚಿಗೆ ಕೊಟ್ಟಿದ್ದ ಹೋಟೆಲಿನೊಳಗಿನ ರೆಸ್ಟೋರೆಂಟಿನಲ್ಲಿ ಊಟಕ್ಕೂ 18% ಜಿ.ಎಸ್.ಟಿ.; ಬೀದಿಯ ಹೋಟೆಲಿನಲ್ಲಿ 5%. ಬಾಟಲಿ ನೀರಿಗೆ ಎಂ.ಆರ್.ಪಿ. ಮೀರಿ ತೆಗೆದುಕೊಂಡರೆ ಕೂಗಾಡಿ ಪ್ರಯೋಜನವಿಲ್ಲ, ಸೇವೆಯ ಜೊತೆ ಕೊಡುವಾಗ ಹೋಟೆಲುಗಳು ಹೆಚ್ಚು ಪಡೆಯಬಹುದೆಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರಿನಲ್ಲೇ ಹೇಳಿದೆ. ಸರ್ವಿಸ್ ಚಾರ್ಜ್ ವಿಷಯ ಬೇರೆ. ಅದನ್ನು ಬಿಲ್ಲಿನಲ್ಲಿ ತಾನಾಗಿ ಸೇರಿಸುವಂತಿಲ್ಲ ಎಂಬ 2022ರ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಎತ್ತಿಹಿಡಿದಿದೆ. ತೆಗೆಯಿರಿ ಎಂದು ಸಂಕೋಚವಿಲ್ಲದೆ ಹೇಳಬಹುದು. ಚೆಕ್-ಇನ್ ಹೊತ್ತಿನಲ್ಲಿ ಠೇವಣಿಯೆಂದು ಡೆಬಿಟ್ ಕಾರ್ಡ್ ಉಜ್ಜಿದರೆ ಹಣ ಖಾತೆಯಿಂದಲೇ ಹೋಗಿ, ಮರಳಲು ಒಂದು ವಾರವಾದರೂ ಆಗಬಹುದು. ಕ್ರೆಡಿಟ್ ಕಾರ್ಡ್ ಆದರೆ ಮಿತಿಯಲ್ಲಿ ತಡೆಹಿಡಿಯುತ್ತಾರೆ ಅಷ್ಟೆ. ಪ್ರವಾಸದ ಹಣವೆಲ್ಲ ಒಂದೇ ಖಾತೆಯಲ್ಲಿದ್ದರೆ ಇದು ಮುಖ್ಯ.

ಆ್ಯಪ್‌ನಲ್ಲಿ ಕಾಣುವ ಐದು ನಕ್ಷತ್ರಗಳನ್ನು ನಂಬಿ ಹಣ ಕಟ್ಟಬೇಡಿ. ಹೋಟೆಲಿಗೆ ಅಧಿಕೃತವಾಗಿ ಸ್ಟಾರ್ ಕೊಡುವುದು ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ವರ್ಗೀಕರಣ ಸಮಿತಿ, ಅದರ ಅವಧಿ ಐದು ವರ್ಷ, ಅರ್ಜಿ ಹಾಕುವುದು ಹೋಟೆಲಿನವರ ಇಷ್ಟ. ಆ್ಯಪ್‌ನ ಸ್ಟಾರಿಗೂ ಇದಕ್ಕೂ ಸಂಬಂಧ ಇರಲೇಬೇಕೆಂದಿಲ್ಲ. ತಿಂಡಿ ಸೇರಿದೆ ಎಂಬುದಕ್ಕೂ ಮೈಸೂರಿನಲ್ಲಿ ನಾನು ಹೆಚ್ಚು ಬೆಲೆ ಕೊಡಲಾರೆ; ಬೀದಿಗೊಂದು ಒಳ್ಳೆಯ ಇಡ್ಲಿ, ಮಸಾಲೆದೋಸೆ ಇರುವ ಊರಿನಲ್ಲಿ ತಣ್ಣನೆ ಟೋಸ್ಟಿನ ಬಫೆ ಮುಂದೆ ಒಂದು ಗಂಟೆ ಕಳೆಯುವುದೇಕೆ?

ಮಕ್ಕಳಿಗೆ ಈಜುಕೊಳ ಬೇಕೇ ಬೇಕು ಎಂದಾದರೆ ದೊಡ್ಡ ಹೋಟೆಲನ್ನು ಭಾನುವಾರ ಒಂದು ರಾತ್ರಿಗೆ ಮಾತ್ರ ತೆಗೆದುಕೊಳ್ಳಿ. ಪ್ರವಾಸಿ ಊರುಗಳಲ್ಲಿ ದರ ಏರುವುದು ಶುಕ್ರವಾರ, ಶನಿವಾರ. ಭಾನುವಾರ ರಾತ್ರಿ ಸಾಮಾನ್ಯವಾಗಿ ಇಳಿಯುತ್ತದೆ. (ಬೆಂಗಳೂರಿನ ಕಂಪನಿಗಳ ಕಡೆಯ ಹೋಟೆಲುಗಳಲ್ಲಿ ತದ್ವಿರುದ್ಧ: ವಾರದ ದಿನಗಳು ದುಬಾರಿ, ವಾರಾಂತ್ಯ ಅಗ್ಗ.) ಶನಿವಾರ ಬೆಳಗ್ಗೆ ಲಾಡ್ಜಿನಲ್ಲಿ ಎರಡು ರೂಮು, ಭಾನುವಾರ ಬೆಳಗ್ಗೆ ಒಂದನ್ನು ಬಿಟ್ಟು ಒಂದನ್ನು ಉಳಿಸಿಕೊಂಡರೆ ₹4,410. ಭಾನುವಾರ ಎರಡಕ್ಕೆ ದೊಡ್ಡ ಹೋಟೆಲಿಗೆ ಹೋಗಿ ನಾಲ್ಕು ಗಂಟೆ ಈಜುಕೊಳದಲ್ಲಿ ಕಳೆದು, ಏಳರ ಹೊತ್ತಿಗೆ ಅರಮನೆಯ ದೀಪಾಲಂಕಾರ ನೋಡಲು ಹೋಗಬಹುದು. ದೀಪ ಹಚ್ಚುವುದು ಭಾನುವಾರ ಮತ್ತು ಸರ್ಕಾರಿ ರಜಾದಿನಗಳಲ್ಲಿ. ಸೋಮವಾರ ರೂಮು ಬಿಟ್ಟ ಮೇಲೆ ರಾತ್ರಿಯವರೆಗೆ ಲಗೇಜನ್ನು ಬೆಲ್ ಡೆಸ್ಕಿನಲ್ಲಿ ಇಟ್ಟುಕೊಳ್ಳುತ್ತಾರೆ, ಇದಕ್ಕೆ ಹಣವಿಲ್ಲ. ರೂಮಿಗೆ ₹7,400ರ ದರ ಸಿಕ್ಕರೆ ಇಡೀ ವಸತಿ ₹19,950. 37 ಸಾವಿರಕ್ಕಿಂತ ಇದು ನ್ಯಾಯ. ಈಜುಕೊಳಕ್ಕೆ ನೈಲಾನ್ ಈಜುಡುಪು, ಟೋಪಿ ಕಡ್ಡಾಯ ಎನ್ನುವ ಕಡೆ ಹತ್ತಿಯ ಚಡ್ಡಿಯಲ್ಲಿ ಬಿಡುವುದಿಲ್ಲ, ಊರಿನಿಂದಲೇ ತನ್ನಿ.

ಈಜುಕೊಳ ಬೇಡವಾದರೆ, ಬೀದಿಯಿಂದ ರೂಮಿನವರೆಗೆ ಮೆಟ್ಟಿಲಿಲ್ಲದ, ಕಮೋಡ್ ಇರುವ, 24 ಗಂಟೆ ಲೆಕ್ಕದ ಲಾಡ್ಜನ್ನೇ ಹಿಡಿಯಿರಿ. ನಿಮಗೆ ₹1,400 ಹೇಳಿದ ಲಾಡ್ಜಿನಲ್ಲಿ ಲಿಫ್ಟಿಲ್ಲ ಎಂದಾದರೆ ಅಲ್ಲಿಂದ ನೇರ 7,900ಕ್ಕೆ ಹಾರುವ ಅಗತ್ಯವಿಲ್ಲ. ನಡುವೆ ₹2,500–3,000ರ ಸಾಕಷ್ಟು ಹೋಟೆಲುಗಳಿವೆ. ₹2,800ರಂತೆ ಎರಡು ರೂಮು, ಎರಡು ರಾತ್ರಿಗೆ ₹11,760. ಅವುಗಳಲ್ಲಿ 24 ಗಂಟೆ ಪದ್ಧತಿ ವಿರಳ, ಆದ್ದರಿಂದ ಬೆಳಗಿನ 5.30ಕ್ಕೆ ಒಂದು ರೂಮಾದರೂ ಕೊಡುತ್ತಾರೆಯೇ, ಎಷ್ಟು ಹೆಚ್ಚಿಗೆ ಎಂಬುದನ್ನು ಇತ್ಯರ್ಥ ಮಾಡಿಕೊಂಡೇ ಮುಂಗಡ ಕಳಿಸಿ. ಯು.ಪಿ.ಐ.ನಲ್ಲಿ ಕಳಿಸುವಾಗ ಪರದೆಯ ಮೇಲೆ ಬರುವ ಹೆಸರು ಹೋಟೆಲಿನದೋ ಮಾಲೀಕರದೋ ಎಂದು ಫೋನಿನಲ್ಲೇ ಖಾತ್ರಿ ಮಾಡಿಕೊಳ್ಳಿ, ಹೋಟೆಲುಗಳ ಹೆಸರಿನ ನಕಲಿ ನಂಬರುಗಳು ಹುಡುಕಾಟದಲ್ಲಿ ಮೇಲೆಯೇ ಬರುತ್ತವೆ.

ಈ ಲೆಕ್ಕವೆಲ್ಲ ಮಾಮೂಲಿ ವಾರಾಂತ್ಯದ್ದು. ದಸರೆಯ ದಿನಗಳಲ್ಲಿ ಹೋಗುವುದಾದರೆ ಲಾಡ್ಜಿನ ದರ ಎರಡು ಮೂರು ಪಟ್ಟಾಗುವುದುಂಟು, 24 ಗಂಟೆ ಪದ್ಧತಿಯನ್ನು ಪಕ್ಕಕ್ಕಿಟ್ಟು ಕನಿಷ್ಠ ಇಷ್ಟು ರಾತ್ರಿ ಎಂದು ಷರತ್ತು ಹಾಕುತ್ತಾರೆ, ಮುಂಗಡ ವಾಪಸ್ಸಿಲ್ಲ. ಆಗ ₹1,400 ಮತ್ತು ₹2,800ರ ನಡುವಿನ ಅಂತರ ಬಹುಪಾಲು ಅಳಿಸಿಹೋಗಿ, ನಡುವಿನ ದರ್ಜೆಯ ಹೋಟೆಲನ್ನು ಒಂದೆರಡು ತಿಂಗಳು ಮೊದಲೇ ರದ್ದತಿಗೆ ಅವಕಾಶವಿರುವ ದರದಲ್ಲಿ ಹಿಡಿದಿಟ್ಟುಕೊಳ್ಳುವುದು ಲಾಭ.